ಪಂಕ್ತಿಯಲ್ಲಿ ಕೂತು ಏಳುವುದು

"ಎಪ್ಪತ್ತು ವರ್ಷ ಆಗುವಾಗ ನಿಮಗೆ ಏನೆಲ್ಲ ಮಾಡ್ಲಿಕ್ಕೆ ಆಗ್ಬೇಕು, ಅಂಕಲ್?"

ಫಿಸಿಯೊಥೆರಪಿಸ್ಟ್ ಹೀಗೆ ಕೇಳಿದಾಗ ಅಪ್ಪ ನನ್ನ ಮುಖ ನೋಡಿದರು. ಅವರು ಬಂದದ್ದು ಸೊಂಟಕ್ಕೆ ಕರೆಂಟ್ ಕೊಡಿಸಿಕೊಳ್ಳಲು. ಹತ್ತು ದಿನ ಕರೆಂಟ್ ಕೊಟ್ಟರೆ ನೋವು ಹೋಗುತ್ತದೆ ಎಂದು ಬಸ್‌ಸ್ಟ್ಯಾಂಡಿನಲ್ಲಿ ಯಾರೋ ಹೇಳಿದ್ದರು. ಇಲ್ಲಿ ನೋಡಿದರೆ, ನನಗಿಂತ ಒಂದೆರಡು ವರ್ಷಕ್ಕೆ ದೊಡ್ಡವಳಿರಬಹುದಾದ ಹುಡುಗಿಯೊಬ್ಬಳು ಮಷಿನ್ನಿನ ಹತ್ತಿರವೂ ಹೋಗದೆ, ಕುರ್ಚಿ ಎಳೆದುಕೊಂಡು ಎದುರು ಕೂತು, ಹನ್ನೆರಡು ವರ್ಷ ಆಚೆಯ ಸಂಗತಿ ವಿಚಾರಿಸುತ್ತಿದ್ದಾಳೆ.

"ಎಪ್ಪತ್ತು ಆಗ್ಲಿ ಮೊದ್ಲು," ಎಂದರು ಅಪ್ಪ.

ಅವಳು ನಕ್ಕಳು, ಆದರೆ ಪ್ರಶ್ನೆಯನ್ನು ಬಿಡಲಿಲ್ಲ. ಹೊರಗೆ ಮಳೆ ಹೊಯ್ಯುತ್ತಿತ್ತು. ಸ್ವಲ್ಪ ಹೊತ್ತು ಬಿಟ್ಟು ಅಪ್ಪ ಹೇಳಿದ್ದು ನನಗೆ ಗೊತ್ತೇ ಇಲ್ಲದ ವಿಷಯ. ಊರ ದೇವಸ್ಥಾನದ ಜಾತ್ರೆಯಲ್ಲಿ ಊಟಕ್ಕೆ ನೆಲದ ಪಂಕ್ತಿ. ಕೆಳಗೆ ಕೂರಲಾಗದವರಿಗೆ ಪಕ್ಕದ ಚಪ್ಪರದಲ್ಲಿ ನಾಲ್ಕು ಮೇಜು ಹಾಕಿರುತ್ತಾರೆ. ಈ ಸಲ ಅಪ್ಪ ಕಂಬ ಹಿಡಿದು ಕೂರಲು ನೋಡುತ್ತಿದ್ದಾಗ, ಬಡಿಸುವ ಹುಡುಗನೊಬ್ಬ, "ಅಜ್ಜ, ನೀವು ಆಚೆ ಮೇಜಿಗೆ ಹೋಗಿ" ಎಂದನಂತೆ. "ಎಪ್ಪತ್ತಕ್ಕೂ ನನಗೆ ಪಂಕ್ತಿಯಲ್ಲಿ ಕೂತು ಊಟ ಮಾಡಿ, ಯಾರನ್ನೂ ಹಿಡಿಯದೆ ಏಳ್ಬೇಕು. ಅಷ್ಟು ಆದ್ರೆ ಸಾಕು."

ಅವಳು ಅದನ್ನು ಫೈಲಿನಲ್ಲಿ ಬರೆದುಕೊಂಡಳು. ಆಮೇಲೆ ಎದೆಯ ಮೇಲೆ ಕೈ ಕಟ್ಟಿಕೊಂಡು 30 ಸೆಕೆಂಡಿನಲ್ಲಿ ಕುರ್ಚಿಯಿಂದ ಎಷ್ಟು ಸಲ ಎದ್ದು ಕೂರಲು ಆಗುತ್ತದೆ ಎಂದು ಲೆಕ್ಕ ಹಾಕಿದಳು. ಅಪ್ಪ 9 ಸಲ. ಅರುವತ್ತು ದಾಟಿದ ಗಂಡಸರಿಗೇ 14ಕ್ಕಿಂತ ಕೆಳಗಿದ್ದರೆ ಕಾಲಿನ ಬಲ ಕಡಿಮೆ ಎಂದು ಲೆಕ್ಕ. ಅಪ್ಪನಿಗೆ ಇನ್ನೂ 58. ಸುಮ್ಮನೆ ನಿಂತಿದ್ದ ನನಗೂ, "ನೀವೂ ಒಮ್ಮೆ ಮಾಡಿ ನೋಡಿ" ಎಂದಳು. ನಾನು 13. ಅರುವತ್ತರ ಹೆಂಗಸರಿಗೆ ಗಡಿ 12. ನನಗೆ 28.

ಮೈಸೂರಿನಲ್ಲಿ ತತ್ವಶಾಸ್ತ್ರದ ಪಿಎಚ್‌.ಡಿ. ಮಾಡುತ್ತಿದ್ದೇನೆ. ಹೊಣೆಗಾರಿಕೆ ಎಂಬ ಪರಿಕಲ್ಪನೆ ನನ್ನ ವಿಷಯ. ಹೊಣೆಯ ಬಗ್ಗೆ ಬರೆಯುತ್ತಾ ದಿನಕ್ಕೆ ಹತ್ತು ಗಂಟೆ ಕೂತಿರುತ್ತೇನೆ. ಲೈಬ್ರರಿಯಿಂದ ಹಾಸ್ಟೆಲ್ಲಿಗೆ, ಹಾಸ್ಟೆಲ್ಲಿನಿಂದ ಕ್ಯಾಂಟೀನಿಗೆ ನಡೆಯುವುದೇ ನನ್ನ ವ್ಯಾಯಾಮ. ಊರಿಗೆ ಹೋದಾಗಲೆಲ್ಲ ಮಾತ್ರ, "ಬೆಳಿಗ್ಗೆ ಬೇಗ ಎದ್ದು ನಡೀರಿ ಅಪ್ಪ, ನಿಮ್ಮ ದೇಹ ನೀವು ನೋಡ್ಕೊಳ್ಳದಿದ್ರೆ ಯಾರು ನೋಡ್ಕೊಳ್ತಾರೆ" ಎಂದು ಭಾಷಣ ಬಿಗಿಯುತ್ತಿದ್ದೆ. ಆ ಭಾಷಣದಲ್ಲಿ ಏನು ತಪ್ಪಿತ್ತು ಎಂದು ಕಂಡುಕೊಳ್ಳಲು ಈ ಬರಹ.

ಇಂಗ್ಲಿಷ್ ತತ್ವಜ್ಞಾನಿ ಡೆರೆಕ್ ಪಾರ್ಫಿಟ್ 1984ರಲ್ಲಿ ಪ್ರಕಟಿಸಿದ 'ರೀಸನ್ಸ್ ಆಂಡ್ ಪರ್ಸನ್ಸ್' ಪುಸ್ತಕದಲ್ಲಿ ಒಬ್ಬ ಹುಡುಗ ಬರುತ್ತಾನೆ. ಐವತ್ತು ವರ್ಷಗಳ ನಂತರ ತಾನು ಬಹಳ ನರಳಬೇಕಾಗಬಹುದು ಎಂದು ಗೊತ್ತಿದ್ದೂ ಅವನು ಸಿಗರೇಟು ಶುರು ಮಾಡುತ್ತಾನೆ. ಅದು ದಡ್ಡತನ ಎಂದು ನಾವು ಹೇಳಿ ಸುಮ್ಮನಾಗುತ್ತೇವೆ. ಅವನ ಮೈ, ಅವನ ಇಷ್ಟ. ಪಾರ್ಫಿಟ್ ಅಷ್ಟಕ್ಕೆ ನಿಲ್ಲುವುದಿಲ್ಲ. ಐವತ್ತು ವರ್ಷ ಆಚೆಯ ಆ ಮುದುಕನಿಗೂ ಈ ಹುಡುಗನಿಗೂ ಇರುವ ನಂಟು ನಾವು ಅಂದುಕೊಂಡಷ್ಟು ಗಟ್ಟಿಯಲ್ಲ. ಅವನು ಹೆಚ್ಚುಕಡಿಮೆ ಇನ್ನೊಬ್ಬ ಮನುಷ್ಯನ ಹಾಗೆ. ಇನ್ನೊಬ್ಬನನ್ನು ನರಳಿಸುವುದು ತಪ್ಪಾದರೆ ಇದೂ ತಪ್ಪು ಎಂಬ ದಿಕ್ಕಿನಲ್ಲಿ ಅವರ ವಾದ ಸಾಗುತ್ತದೆ.

ಮೊದಲ ಸಲ ಓದಿದಾಗ ನನಗೆ ರೋಮಾಂಚನವಾಗಿತ್ತು. ನನ್ನ ಭಾಷಣಕ್ಕೆ ಇಷ್ಟು ದೊಡ್ಡ ತತ್ವಜ್ಞಾನಿಯ ಬೆಂಬಲ ಇದೆಯಲ್ಲ ಎಂದು. ದಿನವಿಡೀ ಕೂತೇ ಇರುವ ನಾನು, ಎಪ್ಪತ್ತು ವರ್ಷದ ಒಬ್ಬ ಮುದುಕಿಯ ಮೊಣಕಾಲನ್ನು ಅವಳನ್ನು ಕೇಳದೆ ಹಾಳು ಮಾಡುತ್ತಿದ್ದೇನೆ. ಸೋಮಾರಿತನ ಇಲ್ಲಿ ಒಂದು ಅನ್ಯಾಯವೇ ಆಗಿಬಿಡುತ್ತದೆ. (ಆ ಹುಡುಗನ ಕೈಗೆ ಪಾರ್ಫಿಟ್ ಸಿಗರೇಟು ಕೊಟ್ಟಿದ್ದಾರೆ. ನಮ್ಮ ಕಡೆಯ ಹುಡುಗನಾಗಿದ್ದರೆ ಬೀಡಿ ಇರುತ್ತಿತ್ತು, ಅದನ್ನು ಕಟ್ಟಿದ್ದು ನನ್ನ ಅಮ್ಮನೇ ಇರಬಹುದಿತ್ತು. ಅಮ್ಮನ ವಿಷಯಕ್ಕೆ ಆಮೇಲೆ ಬರುತ್ತೇನೆ.)

ಆದರೆ ಅಪ್ಪನ ಮುಂದೆ ಈ ವಾದ ಇಟ್ಟರೆ ಏನಾಗುತ್ತದೆ ನೋಡಿ. ಅಪ್ಪ ಉಡುಪಿ ಮಂಗಳೂರು ನಡುವೆ ಓಡುವ ಖಾಸಗಿ ಬಸ್ಸಿನ ಡ್ರೈವರ್, 31 ವರ್ಷದಿಂದ. ನಮ್ಮ ಕರಾವಳಿಯ ಬಸ್ಸುಗಳನ್ನು ಕಂಡವರಿಗೆ ಟೈಮಿಂಗ್ ಎಂದರೆ ಏನೆಂದು ಗೊತ್ತು. ಹಿಂದೆ ಇನ್ನೊಂದು ಬಸ್ಸು, ಮುಂದೆ ಮತ್ತೊಂದು. ಎರಡು ನಿಮಿಷ ತಡವಾದರೆ ಜನ ಹಿಂದಿನ ಬಸ್ಸಿಗೆ ಹತ್ತುತ್ತಾರೆ, ಟ್ರಿಪ್ಪಿನ ಕಲೆಕ್ಷನ್ ಇಳಿಯುತ್ತದೆ. ಸ್ಟ್ಯಾಂಡಿನಲ್ಲಿ ಸಿಗುವ ನಾಲ್ಕೈದು ನಿಮಿಷದಲ್ಲಿ ಮೂತ್ರ, ಚಹಾ, ಒಂದು ಫೋನು. ಎಷ್ಟೋ ದಿನ ಅಪ್ಪ ಸೀಟಿನಿಂದ ಇಳಿಯುವುದೇ ಇಲ್ಲ. ಬಾನೆಟ್ಟಿನ ಬಿಸಿ, ಕ್ಲಚ್ಚಿನ ಮೇಲೆ ಎಡಗಾಲು, ನಡುಗುವ ಸೀಟು. ಮನೆಗೆ ಬರುವಾಗ ರಾತ್ರಿ ಒಂಬತ್ತು. "ಬೆಳಿಗ್ಗೆ ಬೇಗ ಎದ್ದು ನಡೀರಿ" ಎಂದು ನಾನು ಹೇಳುತ್ತಿದ್ದದ್ದು ಮೊದಲ ಟ್ರಿಪ್ಪಿಗಾಗಿ ನಾಲ್ಕೂವರೆಗೆ ಏಳುವ ಮನುಷ್ಯನಿಗೆ.

ಬಸ್ಸಿನ ಸೀಟಿಗೂ ವೈದ್ಯವಿಜ್ಞಾನಕ್ಕೂ ಹಳೆಯ ನಂಟಿದೆ ಎಂದು ನನಗೆ ತಿಳಿದದ್ದು ಆ ಕ್ಲಿನಿಕ್ಕಿನಿಂದ ಬಂದ ಮೇಲೆ ಹುಡುಕಿ ಓದಿದಾಗ. ಕೂತು ಮಾಡುವ ಕೆಲಸ ಹೃದಯಕ್ಕೆ ಕೆಡುಕು ಎಂದು ಮೊದಲು ಗಟ್ಟಿಯಾಗಿ ತೋರಿಸಿಕೊಟ್ಟವರಲ್ಲಿ ಜೆರಿ ಮಾರಿಸ್ ಎಂಬ ಬ್ರಿಟಿಷ್ ವೈದ್ಯರು ಮುಖ್ಯರು. 1953ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂದ ಅವರ ಅಧ್ಯಯನ ಲಂಡನ್ನಿನ ಡಬ್ಬಲ್ ಡೆಕ್ಕರ್ ಬಸ್ಸುಗಳ ನೌಕರರದ್ದು. ಡ್ರೈವರು, ಕಂಡಕ್ಟರು ಇಬ್ಬರದೂ ಒಂದೇ ಬಸ್ಸು, ಒಂದೇ ಹೊಗೆ, ಹೆಚ್ಚುಕಡಿಮೆ ಒಂದೇ ವರ್ಗ. ಒಬ್ಬ ಕೂತಿರುತ್ತಾನೆ, ಇನ್ನೊಬ್ಬ ಟಿಕೆಟ್ ಕೊಡಲು ದಿನಕ್ಕೆ ನೂರಾರು ಮೆಟ್ಟಿಲು ಹತ್ತಿ ಇಳಿಯುತ್ತಾನೆ. ಹೃದಯದ ಕಾಯಿಲೆ ಡ್ರೈವರುಗಳಲ್ಲಿ ಹೆಚ್ಚು, ಬಂದರೆ ಸಾಯುವುದೂ ಹೆಚ್ಚು. ಇದನ್ನು ಓದುವಾಗ ನನಗೆ ಕಂಡದ್ದು ಲಂಡನ್ನಲ್ಲ. ಫುಟ್‌ಬೋರ್ಡಿನಲ್ಲಿ ನೇತಾಡಿಕೊಂಡು "ರೈಟ್ ಪೋಯಿ!" ಎಂದು ಕೂಗುವ, ನಿಂತ ಬಸ್ಸಿನ ಹಿಂಬಾಗಿಲಿನಿಂದ ಇಳಿದು ಓಡಿ ಮುಂಬಾಗಿಲಿಗೆ ಹತ್ತುವ ಅಪ್ಪನ ಕಂಡಕ್ಟರು.

ಮಾರಿಸ್ ಅವರ ಬಗ್ಗೆ ನನಗೆ ಗೌರವ ಹೆಚ್ಚಾದದ್ದು ಅವರ ಮುಂದಿನ ಕೆಲಸದಿಂದ. 1956ರಲ್ಲಿ ಅವರೂ ಸಹೋದ್ಯೋಗಿಗಳೂ ಅದೇ ನೌಕರರ ಯೂನಿಫಾರ್ಮಿನ ಅಳತೆಗಳನ್ನು ತೆಗೆದು ನೋಡಿದರು. ಡ್ರೈವರುಗಳ ಪ್ಯಾಂಟಿನ ಸೊಂಟದ ಅಳತೆ ಕಂಡಕ್ಟರುಗಳದ್ದಕ್ಕಿಂತ ದೊಡ್ಡದಿತ್ತು. ಚಿಕ್ಕ ವಯಸ್ಸಿನವರಲ್ಲೂ ಈ ವ್ಯತ್ಯಾಸ ಇತ್ತು. ಹಾಗಾದರೆ ಸೀಟು ಮನುಷ್ಯನನ್ನು ಹೀಗೆ ಮಾಡಿತೇ, ಅಥವಾ ಹೀಗಿದ್ದ ಮನುಷ್ಯ ಸೀಟನ್ನು ಆರಿಸಿಕೊಂಡನೇ? ತಮ್ಮದೇ ಪ್ರಸಿದ್ಧ ತೀರ್ಮಾನಕ್ಕೆ ತಾವೇ ಅಡ್ಡ ಪ್ರಶ್ನೆ ಹಾಕಿಕೊಂಡರು. ಹೊಣೆಗಾರಿಕೆಯ ಬಗ್ಗೆ ನಾನು ಓದಿದ ಎಷ್ಟೋ ಪುಸ್ತಕಗಳ ಸಾರ ಆ ಪ್ಯಾಂಟಿನ ಅಳತೆಯಲ್ಲಿದೆ.

ನಮ್ಮ ಭಾಷೆಯೇ ಈ ಪ್ರಶ್ನೆಯನ್ನು ಮುಚ್ಚಿಹಾಕುತ್ತದೆ ಎಂದು ನನ್ನ ಅನುಮಾನ. ಜಾಡ್ಯ ಎಂದರೆ ರೋಗವೂ ಹೌದು, ಮೈಗಳ್ಳತನವೂ ಹೌದು. ಮೈ ಅಲ್ಲಾಡಿಸದವನಿಗೆ ಕಾಯಿಲೆ ಬಂದರೆ ಅದು ಅವನ ಗುಣದ ಫಲ ಎಂಬ ತೀರ್ಪು ಆ ಒಂದೇ ಪದದೊಳಗೆ ಕೂತಿದೆ. 2024ರಲ್ಲಿ 'ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್'ನಲ್ಲಿ ಬಂದ ಅಂದಾಜಿನ ಪ್ರಕಾರ ಭಾರತದ ವಯಸ್ಕರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಮಂದಿ ಬೇಕಾದಷ್ಟು ದೈಹಿಕ ಚಟುವಟಿಕೆ ಇಲ್ಲದವರು, ಗಂಡಸರಲ್ಲಿ ಶೇ. 42, ಹೆಂಗಸರಲ್ಲಿ ಶೇ. 57. ಅರ್ಧ ದೇಶ ಒಟ್ಟಿಗೇ ಸೋಮಾರಿಯಾಯಿತು ಎಂದು ನಂಬುವುದು ಕಷ್ಟ. ಕೆಲಸಗಳು ಬದಲಾದವು, ಕೂತು ಮಾಡುವ ಕೆಲಸಕ್ಕೆ ಕೂಲಿ ಸಿಗತೊಡಗಿತು, ರಸ್ತೆಯ ಬದಿ ನಡೆಯುವ ಜಾಗ ಹೋಯಿತು. ನಮ್ಮ ಮನೆ ಮುಂದಿನ ಹೆದ್ದಾರಿ ಅಗಲವಾದ ಮೇಲೆ ಅದನ್ನು ದಾಟಿ ಆಚೆಯ ಗದ್ದೆ ದಾರಿಯಲ್ಲಿ ನಡೆಯುವುದನ್ನು ಊರಿನ ಮುದುಕರೆಲ್ಲ ಬಿಟ್ಟರು.

ಹಾಗೆಂದು ಮೈಮುರಿದು ಕೆಲಸ ಮಾಡಿದವರೆಲ್ಲ ಗೆದ್ದರೆಂದೂ ಅಲ್ಲ. ಅಪ್ಪನ ಜೊತೆ ಹದಿನಾರು ವರ್ಷ ಇದ್ದ ಕಂಡಕ್ಟರ್ ಮಾಮನ ಕಾಲಿನ ನರಗಳು ಉಬ್ಬಿ ನೀಲಿಗಟ್ಟಿವೆ. ಹಾರಿ ಇಳಿದು ಇಳಿದು ಬಲ ಮೊಣಕಾಲು ಹೋಗಿದೆ. ಮನಸ್ಸಿನಿಂದ, ಬಿಡುವಿನಲ್ಲಿ, ಬೇಕಾದಾಗ ನಿಲ್ಲಿಸುವ ಹಕ್ಕಿಟ್ಟುಕೊಂಡು ಮಾಡುವ ಚಲನೆ ಬೇರೆ, ಹೊಟ್ಟೆಪಾಡಿಗೆ ಎಂಟು ಹತ್ತು ಗಂಟೆ ಬಿಡುವಿಲ್ಲದೆ ಮಾಡುವ ಚಲನೆ ಬೇರೆ. ಎರಡನೆಯದರಿಂದ ಮೊದಲನೆಯದರಷ್ಟು ಲಾಭ ಸಿಗುವುದಿಲ್ಲ ಎಂದು ಇತ್ತೀಚಿನ ಸಂಶೋಧಕರಲ್ಲಿ ಹಲವರು ವಾದಿಸುತ್ತಾರೆ. ಕಂಡಕ್ಟರ್ ಮಾಮನಿಗೆ ಅದನ್ನು ಯಾರೂ ಹೇಳಬೇಕಾಗಿಲ್ಲ.

ಈಗ ಪಾರ್ಫಿಟ್‌ಗೆ ವಾಪಸು ಬರುತ್ತೇನೆ. ಅಪ್ಪ ತನ್ನ ಎಪ್ಪತ್ತರ ಮುದುಕನಿಗೆ ಅನ್ಯಾಯ ಮಾಡಿದರೇ? ಮಾಡಿದರು ಎಂದೇ ಇಟ್ಟುಕೊಳ್ಳೋಣ. ಆದರೆ ಯಾಕಾಗಿ? ಅಪ್ಪ ಮುಂದಿನದ್ದನ್ನು ಯೋಚಿಸದ ಮನುಷ್ಯನಲ್ಲ. ನಾನು ಒಂದನೇ ಕ್ಲಾಸಿನಲ್ಲಿದ್ದಾಗ ನನ್ನ ಹೆಸರಿನಲ್ಲಿ ಎಲ್‌ಐಸಿ ಪಾಲಿಸಿ ಮಾಡಿಸಿದವರು. ನಾನು ಎಂ.ಎ. ಓದುವಾಗ ಎರಡು ವರ್ಷ, ರಜೆಯ ದಿನಗಳಲ್ಲೂ ಮದುವೆ ಟ್ರಿಪ್ಪುಗಳಿಗೆ ಹೋಗುತ್ತಿದ್ದರು. ದೀರ್ಘಕಾಲದ ಯೋಜನೆ ಅವರದ್ದೂ ಇತ್ತು. ಅದರಲ್ಲಿ ಅಡವಿಟ್ಟದ್ದು ಅವರ ಸೊಂಟ, ಬಿಡಿಸಿಕೊಂಡದ್ದು ನಾನು. ನಾನು ಕೂತು ಓದಲು ಅವರು ಕೂತು ಓಡಿಸಿದರು. ಇಪ್ಪತ್ತೆಂಟರ ನನ್ನ ಇವತ್ತು ಅವರ ಪಾಲಿಗೆ ಒಂದು ಕಾಲದ ಭವಿಷ್ಯ. ಅದನ್ನು ಅವರು ಚೆನ್ನಾಗಿಯೇ ನೋಡಿಕೊಂಡರು. ಅವರ ಮುಂದೆ ನಿಂತು, ಮುಂದಾಲೋಚನೆ ಇಲ್ಲ ಎಂದು ಬೈಯುವ ಹಕ್ಕು ಎಲ್ಲರಿಗಿಂತ ಕಡಿಮೆ ಇರುವುದು ನನಗೆ.

ಜಿಮ್ಮುಗಳ ಗೋಡೆಯ ಮೇಲೆ, ಯೋಗ ದಿನದ ಬ್ಯಾನರಿನ ಮೇಲೆ ಒಂದು ಸಂಸ್ಕೃತದ ಮಾತು ಕಾಣುತ್ತದೆ: ಧರ್ಮವನ್ನು ಸಾಧಿಸಲು ದೇಹವೇ ಮೊದಲ ಸಾಧನ ಎಂಬ ಅರ್ಥದ್ದು. ಕಾಳಿದಾಸನ 'ಕುಮಾರಸಂಭವ'ದ ಐದನೇ ಸರ್ಗದ ಮಾತು. ಮೈಗಳ್ಳರನ್ನು ಎಬ್ಬಿಸಲು ನಾವದನ್ನು ಬಳಸುತ್ತೇವೆ. ಕಾವ್ಯದಲ್ಲಿ ಅದನ್ನು ಯಾರು ಯಾರಿಗೆ ಹೇಳುತ್ತಾರೆ ಎಂದು ನೋಡಿದರೆ ವಿಷಯ ಬೇರೆ. ಬ್ರಹ್ಮಚಾರಿಯ ವೇಷದಲ್ಲಿ ಬಂದ ಶಿವ, ಕಠಿಣ ತಪಸ್ಸಿನಲ್ಲಿ ಮೈಯನ್ನು ಸವೆಸುತ್ತಿರುವ ಪಾರ್ವತಿಯನ್ನು ಕಂಡು, ನಿನ್ನ ಶಕ್ತಿಗೆ ತಕ್ಕಷ್ಟೇ ತಪಸ್ಸು ಮಾಡುತ್ತಿದ್ದೀಯಷ್ಟೆ ಎಂದು ವಿಚಾರಿಸುವಾಗ ಬರುವ ಮಾತದು. ಒಂದು ಗುರಿಗಾಗಿ ದೇಹವನ್ನು ಸುಡುತ್ತಿರುವವಳಿಗೆ ಹೇಳಿದ ಕಾಳಜಿಯ ಮಾತನ್ನು ನಾವು ಸೋಮಾರಿಗಳಿಗೆ ಹೊಡೆಯುವ ಬೆತ್ತ ಮಾಡಿಕೊಂಡಿದ್ದೇವೆ. ಅಪ್ಪನಿಗೆ ಯಾರಾದರೂ ಆ ಮಾತು ಹೇಳಬೇಕಿದ್ದರೆ ಶಿವ ಹೇಳಿದ ದನಿಯಲ್ಲಿ ಹೇಳಬೇಕಿತ್ತು.

ಆ ಫಿಸಿಯೊ ಹುಡುಗಿ ಹೇಳಿದ್ದು ಹೆಚ್ಚುಕಡಿಮೆ ಆ ದನಿಯಲ್ಲೇ. ಅಪ್ಪನ ಹೊಟ್ಟೆಯ ಬಗ್ಗೆ ಒಂದು ಮಾತಿಲ್ಲ. "ನೀವು ಯಾಕೆ ನಡೆಯುದಿಲ್ಲ" ಎಂಬ ಪ್ರಶ್ನೆ ಇಲ್ಲ. ಬಸ್ಸಿನ ಟೈಮಿಂಗ್ ಕೇಳಿದಳು, ಎಲ್ಲಿ ಎಷ್ಟು ನಿಮಿಷ ನಿಲ್ಲುತ್ತದೆ ಎಂದು ಬರೆದುಕೊಂಡಳು. ಮಂಗಳೂರಿನ ಸ್ಟ್ಯಾಂಡಿನಲ್ಲಿ ಇಳಿದು ಬಸ್ಸಿನ ಸುತ್ತ ಎರಡು ಸುತ್ತು. ಉಡುಪಿಯಲ್ಲಿ ಬಾಗಿಲಿನ ಕಂಬಿ ಹಿಡಿದು ಹಿಮ್ಮಡಿ ಎತ್ತಿ ಇಳಿಸುವುದು 15 ಸಲ. ಮನೆಯಲ್ಲಿ ಕುರ್ಚಿಯಿಂದ ಎದ್ದು ಕೂರುವುದು. ಅದು ಸಲೀಸಾದ ಮೇಲೆ ಕುರ್ಚಿಯ ಬದಲು ಬೆಂಚು, ಆಮೇಲೆ ಮಣೆ, ಕೊನೆಗೆ ನೆಲ. ಎಂಟು ತಿಂಗಳ ಲೆಕ್ಕ. ಮೂವತ್ತರ ಆಚೆಗೆ ಸ್ನಾಯು ನಿಧಾನವಾಗಿ ಕರಗತೊಡಗುತ್ತದೆ, ಭಾರ ಹಾಕಿದರೆ ಯಾವ ವಯಸ್ಸಿನಲ್ಲೂ ಸ್ವಲ್ಪ ಮಟ್ಟಿಗೆ ತಿರುಗಿ ಕಟ್ಟಿಕೊಳ್ಳುತ್ತದೆ ಎಂದು ವಿವರಿಸಿದಳು. ವಾರಕ್ಕೆ 150ರಿಂದ 300 ನಿಮಿಷ ಸಾಧಾರಣ ಶ್ರಮದ ಚಟುವಟಿಕೆ, ಎರಡು ದಿನ ಸ್ನಾಯು ಬಲಪಡಿಸುವ ವ್ಯಾಯಾಮ ಎಂಬ ವಿಶ್ವ ಆರೋಗ್ಯ ಸಂಸ್ಥೆಯ 2020ರ ಸಲಹೆ ಗೋಡೆಯ ಮೇಲೆ ಅಂಟಿಸಿತ್ತು. ಅವಳು ಅದರತ್ತ ಕೈ ತೋರಿಸಲಿಲ್ಲ. ಅಪ್ಪನಿಗೆ ಹೇಳಿದ್ದು ಮೊದಲ ವಾರಕ್ಕೆ ದಿನಕ್ಕೆ ಏಳು ನಿಮಿಷ.

"ಮತ್ತೆ ಕರೆಂಟ್?" ಎಂದು ಅಪ್ಪ ಕೇಳಿದರು.

"ಬೇಕಾದ್ರೆ ಕೊಡುವ, ಸ್ವಲ್ಪ ಆರಾಮ ಆಗ್ತದೆ. ಆದ್ರೆ ಕರೆಂಟ್ ನಿಮ್ಮನ್ನು ಪಂಕ್ತಿಯಿಂದ ಎಬ್ಬಿಸುದಿಲ್ಲ ಅಂಕಲ್."

ಫಿಸಿಯೊಥೆರಪಿ ಎಂದರೆ ಆಪರೇಶನ್ ಆದ ಮೇಲಿನ ಕೆಲಸ, ಲಕ್ವ ಹೊಡೆದವರ ಕೈಕಾಲು ಆಡಿಸುವ ಕೆಲಸ ಎಂದು ನಾನೂ ತಿಳಿದಿದ್ದೆ. ಮುರಿದದ್ದನ್ನು ಜೋಡಿಸುವವರು ಎಂದು. ಮುರಿಯುವುದಕ್ಕೆ ಇಪ್ಪತ್ತು ವರ್ಷ ಮೊದಲೇ ಅವರು ಬೇಕು ಎಂದು ತೋಚಿರಲಿಲ್ಲ. ಡಾಕ್ಟರು ಹತ್ತು ನಿಮಿಷದಲ್ಲಿ "ವ್ಯಾಯಾಮ ಮಾಡಿ" ಎನ್ನುತ್ತಾರೆ. ಯಾವುದು, ಎಷ್ಟು, ಈ ಮೊಣಕಾಲಿಗೆ, ಈ ಡ್ಯೂಟಿಯ ನಡುವೆ, ನೋವು ಬಂದ ದಿನ ಏನು ಎಂದು ಹೇಳಲು ಇನ್ನೊಬ್ಬರು ಬೇಕು. ಅದಕ್ಕಿಂತ ಹೆಚ್ಚಾಗಿ, ಮುಂದಿನ ತಿಂಗಳು ಮತ್ತೆ ಕೇಳುವವರು ಬೇಕು. ಭವಿಷ್ಯದ ನಾನು ಇನ್ನೊಬ್ಬ ವ್ಯಕ್ತಿಯ ಹಾಗೆ ಎಂಬುದು ನಿಜವಾದರೆ, ಅವನ ಪರವಾಗಿ ಮಾತಾಡಲು ಇವತ್ತಿನ ಕೋಣೆಯಲ್ಲಿ ಯಾರೂ ಇಲ್ಲ. ಅವನ ವಕಾಲತ್ತು ಹಿಡಿದು ಎದುರು ಕುರ್ಚಿಯಲ್ಲಿ ಕೂತವಳು ನನಗೆ ಅಂದು ಕಂಡಳು. ಅವಳು ಇವತ್ತಿನ ಅಪ್ಪನ ಮೇಲೆ ಕೇಸು ಹಾಕಲಿಲ್ಲ, ರಾಜಿ ಮಾಡಿಸಿದಳು.

ಇಷ್ಟಾದರೂ ಒಂದು ಪ್ರಶ್ನೆ ಉಳಿಯುತ್ತದೆ. ಪ್ರತಿ ಸಲಕ್ಕೆ 350 ರೂಪಾಯಿ, ಜೊತೆಗೆ ಅರ್ಧ ದಿನದ ರಜೆ. ನಾನು ಫೆಲೋಶಿಪ್ಪಿನ ಹಣದಲ್ಲಿ ಕೊಡುತ್ತೇನೆ. ಹಿರಿಯರ ಆರೋಗ್ಯದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಜಿಲ್ಲಾ ಆಸ್ಪತ್ರೆಗಳಿಗೆ ಫಿಸಿಯೊಥೆರಪಿ ಸೇರಿಸಿದ್ದಾರೆ, 2021ರ ಕಾಯಿದೆಯಲ್ಲಿ ಈ ವೃತ್ತಿಗೆ ರಾಷ್ಟ್ರಮಟ್ಟದ ಆಯೋಗವೂ ಬಂತು. ಆದರೆ ಎಂಟು ತಿಂಗಳ ಯೋಜನೆ ಹಾಕಿಕೊಳ್ಳಲು ಮೊದಲು ಎಂಟು ತಿಂಗಳು ತನ್ನದು ಎಂಬ ಭರವಸೆ ಬೇಕು. ನಾಳಿನ ಟ್ರಿಪ್ಪು ಇದೆಯೋ ಇಲ್ಲವೋ ಎಂದು ಇವತ್ತು ಸಂಜೆ ಗೊತ್ತಾಗುವವನಿಗೆ ಎಪ್ಪತ್ತರ ಚಿತ್ರ ಬಿಡಿಸಲು ಹೇಳುವುದು ಸುಲಭವಲ್ಲ. ನನ್ನ ಮಟ್ಟಿಗಾದರೆ ಆ ನೆಪ ಇಲ್ಲ. ನನ್ನ ಕೂರುವಿಕೆಯಲ್ಲಿ ಯಾವ ಬಸ್ಸಿನ ಟೈಮಿಂಗೂ ಇಲ್ಲ. ಎದ್ದು ಹತ್ತು ನಿಮಿಷ ನಡೆದು ಬಂದರೆ ಪ್ರಬಂಧ ಎಲ್ಲಿಗೂ ಓಡಿಹೋಗುವುದಿಲ್ಲ. ಪಾರ್ಫಿಟ್‌ರ ಮಾತು ಪೂರ್ತಿಯಾಗಿ ತಾಗಬೇಕಾದದ್ದು ನನಗೆ. ತಪ್ಪು ಎಂಬ ಪದ ಎಲ್ಲ ಕುರ್ಚಿಗಳ ಮೇಲೂ ಒಂದೇ ಅಳತೆಯಲ್ಲಿ ಕೂರುವುದಿಲ್ಲ.

"ಒಬ್ಬರೇ ಆದ್ರೆ ಬಿಟ್ಟುಬಿಡ್ತಾರೆ, ನೀವೂ ಜೊತೆಗೆ ಮಾಡಿ" ಎಂದು ಫಿಸಿಯೊ ನನಗೆ ಹೇಳಿದ್ದಳು. ಹಾಗಾಗಿ ರಾತ್ರಿ ಒಂಬತ್ತೂವರೆಗೆ ಅಪ್ಪ ಫೋನ್ ಮಾಡುತ್ತಾರೆ, ಸ್ಪೀಕರಿನಲ್ಲಿ ಇಡುತ್ತಾರೆ. ಅಲ್ಲಿ ಅವರು, ಹಾಸ್ಟೆಲ್ ರೂಮಿನಲ್ಲಿ ನಾನು. ಜೋರಾಗಿ ಎಣಿಸುತ್ತೇವೆ. ಒಂದು ವಾರ ಮದುವೆ ಸೀಸನ್ನಿನಲ್ಲಿ ಪೂರ್ತಿ ತಪ್ಪಿತು. ಇನ್ನೊಂದು ವಾರ ನನ್ನ ಅಧ್ಯಾಯ ಒಪ್ಪಿಸುವುದಿತ್ತು, ನಾನು ಕೂತುಕೊಂಡೇ ಎಣಿಸಿ ಮೋಸ ಮಾಡಿದೆ. ನಾಲ್ಕು ತಿಂಗಳಿಗೆ ಅಪ್ಪ 13ಕ್ಕೆ ಬಂದರು. ನಾನು 19. ಮಣೆಯಿಂದ ಏಳುವಾಗ ಅಪ್ಪ ಈಗಲೂ ಒಂದು ಕೈ ಊರುತ್ತಾರೆ.

ಹೀಗೆ ಎಣಿಸುವಾಗ ಫೋನಿನಲ್ಲಿ ಇನ್ನೊಂದು ಸದ್ದು ಕೇಳುತ್ತಿರುತ್ತದೆ. ಕತ್ತರಿಯಿಂದ ಬೀಡಿ ಎಲೆ ಕತ್ತರಿಸುವ ಸದ್ದು. ಅಮ್ಮ ಗೋಡೆಗೆ ಒರಗಿ, ಕಾಲು ಚಾಚಿ, ತೊಡೆಯ ಮೇಲೆ ತಡ್ಪೆ ಇಟ್ಟುಕೊಂಡು, ತಲೆ ಬಗ್ಗಿಸಿ ಕೂತಿರುತ್ತಾಳೆ. ನನಗೆ ನೆನಪಿರುವಷ್ಟು ಕಾಲದಿಂದ ಹಾಗೇ ಕೂತಿದ್ದಾಳೆ. ದಿನಕ್ಕೆ ಏಳೆಂಟು ನೂರು ಬೀಡಿ, ನಡುನಡುವೆ ಎದ್ದು ಅಡುಗೆ, ಪಾತ್ರೆ, ಬಾವಿ. ಶೇ. 57ರಲ್ಲಿ ಅವಳು ಬರುತ್ತಾಳೋ ಇಲ್ಲವೋ ನನಗೆ ಲೆಕ್ಕ ಹಾಕಲು ಬರುವುದಿಲ್ಲ. ನನ್ನ ಎಂ.ಎ.ಯ ಹಾಸ್ಟೆಲ್ ಫೀಸು ಬಂದದ್ದು ಆ ತಡ್ಪೆಯಿಂದ. ಮೇಲೆ ಅಡವಿನ ಲೆಕ್ಕ ಬರೆಯುವಾಗ ನಾನು ಅಪ್ಪನ ಹೆಸರು ಮಾತ್ರ ಬರೆದೆ. ಅದನ್ನು ತಿದ್ದದೆ ಹಾಗೇ ಬಿಟ್ಟಿದ್ದೇನೆ.

ಕಳೆದ ತಿಂಗಳು ಊರಿಗೆ ಹೋಗಿದ್ದಾಗ ಕೇಳಿದೆ. "ಅಮ್ಮ, ಎಪ್ಪತ್ತು ಆಗುವಾಗ ನಿನಗೆ ಏನು ಮಾಡ್ಲಿಕ್ಕೆ ಆಗ್ಬೇಕು?"

"ನನಗೆಂತದ್ದು. ನಿಮ್ಮಿಬ್ಬರ ಲೆಕ್ಕ ಬೇಗ ಮುಗ್ಸಿ, ಊಟಕ್ಕೆ ಬಡಿಸ್ಬೇಕು."

ಎರಡು ದಿನ ಬಿಟ್ಟು, ಹಿತ್ತಿಲಲ್ಲಿ ಬಟ್ಟೆ ಒಣಗಿಸುವಾಗ ಅವಳೇ ಮಾತು ತೆಗೆದಳು. ಅಂಗಳಕ್ಕೆ ಯಾರಾದರೂ ಬಂದು ಕರೆದರೆ ಈಗ ಕುತ್ತಿಗೆ ತಿರುಗುವುದಿಲ್ಲವಂತೆ, ಇಡೀ ಮೈಯನ್ನೇ ತಿರುಗಿಸಬೇಕಂತೆ. "ಹಾಗೆ ಕೂತಲ್ಲಿಂದಲೇ ತಿರುಗಿ, ಬಂದದ್ದು ಯಾರು ಅಂತ ನೋಡ್ಲಿಕ್ಕೆ ಆದ್ರೆ ಒಳ್ಳೇದಿತ್ತು."

ಗುರುವಾರ ನಾಲ್ಕು ಗಂಟೆಗೆ ಹೇಳಿದ್ದೇನೆ. ಗುರುವಾರ ಬ್ರಾಂಚಿಗೆ ಬೀಡಿ ಕೊಡುವ ದಿನ, ಶುಕ್ರವಾರ ಆದರೆ ಆಗ್ತದಾ ಎಂದು ಕೇಳಿ ನೋಡು ಎಂದಿದ್ದಾಳೆ.